ಬಿಸಿಲಲ್ಲಿ ಕೂತವರ ಮಾತಿಗೆ ಬೆಲೆ ಇಲ್ವಾ?

ಓದುಗರ ಪತ್ರ:

"ಸಂಪಾದಕರೇ, ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಶಾಲಾ ಮಾಸ್ತರ. ಕ್ರಿಕೆಟ್, ಕಬಡ್ಡಿ ಅಂದ್ರೆ ಪ್ರಾಣ. 2025ರ ಫೆಬ್ರವರಿಯಲ್ಲಿ ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಕೇರಳದ ಪರ ರಣಜಿ ಸೆಮಿಫೈನಲಿನಲ್ಲಿ ಔಟಾಗದೆ 177 ಹೊಡೆದಾಗ ಬೆಂಗಳೂರಿನ ಎರಡು ದೊಡ್ಡ ಪತ್ರಿಕೆಗಳಿಗೆ ಬರೆದೆ. ನಿಮಗೂ ಒಂದು ಪ್ರತಿ ಕಳಿಸಿದೆ. ಯಾರೂ ಹಾಕಲಿಲ್ಲ. ಆಮೇಲೆ ಕಬಡ್ಡಿ ಪಂದ್ಯಾಟವೊಂದರಲ್ಲಿ ಆದ ಮೋಸದ ಬಗ್ಗೆ ನಿಮಗೆ ಬರೆದೆ. ಅದೂ ಇಲ್ಲ. ಕರ್ನಾಟಕದ ಪತ್ರಿಕೆಗೆ ನಾವು ಕೇರಳದವರು, ಕೇರಳದ ಪತ್ರಿಕೆಗೆ ನಾವು ಕನ್ನಡದವರು. ಮಾಜಿ ಆಟಗಾರರು ಏನು ಹೇಳಿದ್ರೂ ಅಚ್ಚಾಗುತ್ತದೆ. ಬಿಸಿಲಲ್ಲಿ ಕೂತು ಆಟ ನೋಡಿದವನ ಮಾತಿಗೆ ಬೆಲೆ ಇಲ್ವಾ?"

ಸಂಪಾದಕರ ಉತ್ತರ:

ಮಾಷ್ಟ್ರೇ,

ಬೆಲೆ ಇದೆ. ಆದರೆ ಪತ್ರ ಅಚ್ಚಾಗದ್ದಕ್ಕೆ ನೀವು ಕೊಟ್ಟ ಕಾರಣ ಅರ್ಧ ಮಾತ್ರ ಸರಿ. ಉಳಿದರ್ಧ ನಿಮ್ಮ ಪತ್ರದೊಳಗೇ ಇದೆ. ಬೇಜಾರು ಮಾಡಿಕೊಳ್ಳಬೇಡಿ, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ನೀವು ಹೇಳಿದ ಅರ್ಧ. ದಿನಪತ್ರಿಕೆಯಲ್ಲಿ ಕ್ರೀಡಾಪುಟ ಮಾಡುವವರು ಬೇರೆ, ಓದುಗರ ಪತ್ರ ನೋಡುವವರು ಬೇರೆ. ಕ್ರೀಡಾಪುಟದಲ್ಲಿ ಏಜೆನ್ಸಿಯ ಸುದ್ದಿ, ವರದಿಗಾರರ ಸುದ್ದಿ, ಸ್ಕೋರು, ಫೋಟೊ, ಜಾಹೀರಾತು ತುಂಬಿದ ಮೇಲೆ ಓದುಗನಿಗೆ ಒಂದು ಮೂಲೆಯೂ ಉಳಿಯುವುದಿಲ್ಲ. ಹಾಗಾಗಿ ನಿಮ್ಮ ಕ್ರಿಕೆಟ್ ಪತ್ರ ಹೋಗಿ ಸೇರುವುದು ಸಂಪಾದಕೀಯ ಪುಟದ ರಾಶಿಗೆ. ಅಲ್ಲಿ ಬೆಲೆ ಏರಿಕೆ, ಪರೀಕ್ಷೆ, ಚುನಾವಣೆ ಎಲ್ಲ ಸಾಲಾಗಿ ನಿಂತಿರುತ್ತವೆ. ನಮ್ಮ ಕಾಸರಗೋಡಿನಿಂದ ಹೋಗುವ ಪತ್ರಗಳನ್ನೇ ನೋಡಿ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದ್ದಾರೆ ಎಂಬ ದೂರು ಇರುತ್ತದೆ, ಹೆದ್ದಾರಿ ಕೆಲಸದಿಂದ ಮನೆಯಂಗಳಕ್ಕೆ ನೀರು ನುಗ್ಗಿದ ದೂರು ಇರುತ್ತದೆ. ಇವುಗಳ ಮಧ್ಯೆ "ಅಜರುದ್ದೀನ್ ಅದ್ಭುತವಾಗಿ ಆಡಿ ಜಿಲ್ಲೆಗೆ ಕೀರ್ತಿ ತಂದಿದ್ದಾರೆ" ಎಂಬ ಪತ್ರವನ್ನು ಯಾರು ಎತ್ತಿಕೊಳ್ಳುತ್ತಾರೆ ಹೇಳಿ. ನಾನಂತೂ ಎತ್ತಿಕೊಳ್ಳುವುದಿಲ್ಲ.

ಗಡಿಯ ಮಾತೂ ಸುಳ್ಳಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅಂದಿನಿಂದ ನಮ್ಮ ಆಟಗಾರ ಕೇರಳದ ಪರ ಆಡುತ್ತಾನೆ, ನಾವು ಮನೆಗೆ ತರಿಸುವುದು ಮಂಗಳೂರು ಕಡೆಯಿಂದ ಬರುವ ಕನ್ನಡ ಪೇಪರು. ಕೇರಳ ತಂಡ ಗೆದ್ದರೆ ಬೆಂಗಳೂರಿನ ಡೆಸ್ಕಿಗೆ ಅದು ಪರರಾಜ್ಯದ ಸುದ್ದಿ. ಕಾಸರಗೋಡು ಪುಟ ಮಾಡುವವರಿಗೆ ಮಾತ್ರ ಅದು ಊರಿನ ಸುದ್ದಿ. ನೀವು ಬರೆದದ್ದು ಬೆಂಗಳೂರಿಗೆ. ಇನ್ನು ಮೇಲೆ ಇಂಥ ಪತ್ರವನ್ನು ಸ್ಥಳೀಯ ಪುಟದವರಿಗೆ ಕಳಿಸಿ ನೋಡಿ. ಅಲ್ಲಿ ಜಾಗ ಕಮ್ಮಿ, ಆದರೆ ತಳಂಗರೆ ಎಲ್ಲಿದೆ ಅಂತ ಹೇಳಿಕೊಡಬೇಕಾಗಿಲ್ಲ. ಅಂದ ಹಾಗೆ ನಿಮಗೆ ಮಲಯಾಳ ಚೆನ್ನಾಗಿ ಬರುತ್ತದಲ್ವಾ? ಕೇರಳದ ಪತ್ರಿಕೆಗಳಿಗೆ ಮಲಯಾಳದಲ್ಲೇ ಬರೆಯಿರಿ. ಕನ್ನಡ ಮಾಸ್ತರೊಬ್ಬರು ಕೇರಳ ತಂಡದ ಬಗ್ಗೆ ಮಲಯಾಳದಲ್ಲಿ ಬರೆದರೆ ಅವರೂ ಒಂದು ಗಳಿಗೆ ನಿಂತು ಓದಿಯಾರು.

ಈಗ ಉಳಿದರ್ಧ. ನಿಮ್ಮ ಅಜರುದ್ದೀನ್ ಪತ್ರ ನನ್ನ ಮೇಜಿನ ಮೇಲೇ ಇದೆ. ಫುಲ್‌ಸ್ಕೇಪ್ ಹಾಳೆಯ ಎರಡೂ ಮಗ್ಗುಲು ತುಂಬಿಸಿದ್ದೀರಿ. ಅಕ್ಷರ ಮುತ್ತಿನಂತಿದೆ, ಅದಕ್ಕೆ ಮಾರ್ಕು ಕೊಡಲೇಬೇಕು. ಮೊದಲ ಪ್ಯಾರಾದಲ್ಲಿ "ತಮ್ಮ ಜನಪ್ರಿಯ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುವುದೇನೆಂದರೆ" ಅಂತ ಶುರು ಮಾಡಿದ್ದೀರಿ. ಎರಡನೆಯದರಲ್ಲಿ ಪಂದ್ಯದ ಇಡೀ ಕತೆ. ಕೇರಳ 457, ಗುಜರಾತ್ 455, ಕೊನೆಯ ವಿಕೆಟ್ಟಿಗೆ ಹೊಡೆದ ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್ಟಿಗೆ ಬಡಿದು ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿ ಕೈಗೆ ಹಾರಿದ್ದು, ಮೊದಲ ಇನಿಂಗ್ಸಿನ ಎರಡೇ ರನ್ನಿನ ಮುನ್ನಡೆಯಲ್ಲಿ ಕೇರಳ ಮೊದಲ ಸಲ ರಣಜಿ ಫೈನಲಿಗೆ ಹೋದದ್ದು. ಎಲ್ಲ ಸರಿ. ಆದರೆ ಇದನ್ನು ಓದುಗರು ಟಿ.ವಿ.ಯಲ್ಲಿ ನೋಡಿದ್ದಾರೆ, ಮರುದಿನ ಪೇಪರಿನಲ್ಲೂ ಓದಿದ್ದಾರೆ. ಮೂರನೇ ಪ್ಯಾರಾದಲ್ಲಿ ಅಜರುದ್ದೀನನ್ನು ಧೋನಿಗೆ ಹೋಲಿಸಿ, ಭಾರತ ತಂಡಕ್ಕೆ ತಕ್ಷಣ ತೆಗೆದುಕೊಳ್ಳಿ ಅಂತ ಆಯ್ಕೆಗಾರರಿಗೆ ಆಜ್ಞೆ. ಹಾಳೆಯ ಹಿಂಬದಿಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ನಿಮ್ಮ ಶಾಲೆಯ ಹುಡುಗನೊಬ್ಬನ ವಿಷಯ ನಾಲ್ಕು ಸಾಲು.

ನಿಜವಾದ ಪತ್ರ ಆ ನಾಲ್ಕು ಸಾಲು, ಮಾಷ್ಟ್ರೇ. ಅದನ್ನು ಮೇಲೆ ತಂದು ಉಳಿದದ್ದನ್ನು ಕತ್ತರಿಸಿದರೆ ಹೀಗಾಗುತ್ತದೆ:

"2021ರಲ್ಲಿ ಅಜರುದ್ದೀನ್ ವಾಂಖೆಡೆಯಲ್ಲಿ ಮುಂಬೈ ಮೇಲೆ 54 ಎಸೆತಕ್ಕೆ 137 ಹೊಡೆದ ಮೇಲೆ ನಮ್ಮ ಶಾಲೆಯ ಮಕ್ಕಳು ಪ್ರತಿ ಚೆಂಡನ್ನೂ ಸಿಕ್ಸರಿಗೇ ಬೀಸುತ್ತಿದ್ದರು. ಈ ಸಲ ಅದೇ ಅಜರುದ್ದೀನ್ ಅಹಮದಾಬಾದಿನಲ್ಲಿ 340ಕ್ಕೂ ಹೆಚ್ಚು ಎಸೆತ ಎದುರಿಸಿ 177 ಮಾಡಿದರು. ಮರುವಾರ ಆಟದ ಪೀರಿಯಡ್ಡಿನಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ಆಫ್ ಸ್ಟಂಪಿನ ಹೊರಗೆ ಬಂದ ಟೆನಿಸ್ ಬಾಲನ್ನು ಹೊಡೆಯದೆ ಬ್ಯಾಟೆತ್ತಿ ಬಿಟ್ಟ. ಉಳಿದವರು ಬಿದ್ದು ಬಿದ್ದು ನಕ್ಕರು. 'ಅಜರ್ ಹೀಗೇ ಬಿಟ್ಟದ್ದು' ಅಂದ. ಬಿಡುವುದನ್ನು ಕಲಿಸಲು ನಮ್ಮಲ್ಲಿ ಕೋಚ್ ಇಲ್ಲ, ಲೆದರ್ ಬಾಲ್ ಆಡುವ ಪಿಚ್ಚೂ ಇಲ್ಲ. ಹಳ್ಳಿ ಕಡೆಯ ಶಾಲೆಗಳಿಗೆಲ್ಲ ಸೇರಿ ಒಂದಾದರೂ ಬೇಡವೇ?"

ಇದರಲ್ಲಿ ನನ್ನದು ಅಂತ ಏನೂ ಇಲ್ಲ. ಮಾತು ನಿಮ್ಮದೇ, ಜಾಗ ಬದಲಾಯಿಸಿದ್ದೇನೆ ಅಷ್ಟೆ. ಹೀಗೆ ಬಂದಿದ್ದರೆ ಯಾವ ಪತ್ರಿಕೆಯವರಾದರೂ ಹಾಕುತ್ತಿದ್ದರು. ಯಾಕೆಂದರೆ ಆ ಹುಡುಗನನ್ನು ನೋಡಿದವರು ನೀವೊಬ್ಬರೇ. ಗಾವಸ್ಕರ್ ನೋಡಿಲ್ಲ, ಶಾಸ್ತ್ರಿ ನೋಡಿಲ್ಲ. ಮಾಜಿ ಆಟಗಾರರ ಮಾತು ಸುಲಭವಾಗಿ ಅಚ್ಚಾಗುತ್ತದೆ, ಒಪ್ಪುತ್ತೇನೆ. ಅವರ ಹೆಸರಿಗೇ ಓದುಗರಿದ್ದಾರೆ. ಅವರು ಹೇಳಬಹುದಾದ್ದನ್ನೇ ನೀವೂ ಹೇಳಿದರೆ ಅವರದ್ದೇ ಗೆಲ್ಲುತ್ತದೆ.

ನಮ್ಮಲ್ಲಿ ಯಾಕೆ ಹಾಕಲಿಲ್ಲ ಅಂತಲೂ ಹೇಳಬೇಕಲ್ಲ. ನಮ್ಮದು ಪಾಕ್ಷಿಕ. ನಿಮ್ಮ ಹಾಳೆ ಅಂಚೆಯಲ್ಲಿ ಬಂದು ಮುಟ್ಟುವಾಗ ನಾಗಪುರದ ಫೈನಲ್ ಮುಗಿದು, ಮೊದಲ ಇನಿಂಗ್ಸ್ ಮುನ್ನಡೆಯಲ್ಲಿ ಕಪ್ಪು ವಿದರ್ಭಕ್ಕೆ ಹೋಗಿ ಆಗಿತ್ತು.

ಆ ಫೈನಲಿನ ಬಗ್ಗೆ ನೀವು ಕೊನೆಗೆ ಒಂದು ಟಿಪ್ಪಣಿ ಹಾಕಿದ್ದೀರಿ: "ಕನ್ನಡಿಗರಾಗಿ ನಾವು ಕೇರಳ ಗೆಲ್ಲಲಿ ಅನ್ನಬಹುದೋ ಗೊತ್ತಾಗುವುದಿಲ್ಲ." ಮಾಷ್ಟ್ರೇ, ಇದನ್ನು ಯಾಕೆ ಬರೆದು ಅಲ್ಲೇ ಬಿಟ್ಟಿರಿ? ವಿದರ್ಭದ ಪರ ಎರಡು ಇನಿಂಗ್ಸಿನಲ್ಲಿ 86 ಮತ್ತು 135 ಹೊಡೆದು ಕೇರಳದ ಕೈಯಿಂದ ಪಂದ್ಯ ಕಸಿದವರು ಕರುಣ್ ನಾಯರ್. ಮನೆತನ ಮಲಯಾಳಿ, ಆಟ ಕಲಿತದ್ದು ಬೆಂಗಳೂರಿನಲ್ಲಿ, 2016ರಲ್ಲಿ ಚೆನ್ನೈಯಲ್ಲಿ ತ್ರಿಶತಕ ಹೊಡೆದಾಗ ಕರ್ನಾಟಕದವರೆಲ್ಲ ನಮ್ಮ ಹುಡುಗ ಅಂದರು. ಈ ಫೈನಲಿನ ದಿನ ನಮ್ಮ ಊರಿನ ಚಾ ಅಂಗಡಿಗಳಲ್ಲಿ ಯಾರು ಯಾರ ಕಡೆ ಇದ್ದರು? ಕರ್ನಾಟಕ ಮತ್ತು ಕೇರಳ ಎದುರುಬದುರಾದರೆ ಒಂದೇ ಮನೆಯಲ್ಲಿ ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ ಇರುವುದಿಲ್ವಾ? ಕುಂಬಳೆ ಅನ್ನುವುದು ನಮ್ಮ ಜಿಲ್ಲೆಯ ಊರು. ಆ ಹೆಸರು ಹೊತ್ತವರು 1999ರಲ್ಲಿ ದಿಲ್ಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಅವರು ಕರ್ನಾಟಕದವರೋ ನಮ್ಮವರೋ ಅಂತ ಇಲ್ಲಿ ಯಾರೂ ಕೇಳಲಿಲ್ಲ. ಬೆಂಗಳೂರಿನವರಿಗೆ ಈ ಪೇಚಾಟ ಗೊತ್ತಿಲ್ಲ, ತಿರುವನಂತಪುರದವರಿಗೂ ಗೊತ್ತಿಲ್ಲ. ಗಡಿಯಲ್ಲಿ ಕೂತ ಅಭಿಮಾನಿ ಮಾತ್ರ ಬರೆಯಬಲ್ಲ ಪತ್ರ ಇದು. ಇದನ್ನೇ ಬರೆಯಿರಿ. ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಉದ್ದದ ಬಗ್ಗೆ ಒಂದು ಮಾತು. ಅಭಿಮಾನಿಯ ಮಾತು ನಿಂತದ್ದೆಲ್ಲ ಚಿಕ್ಕದಾಗಿಯೇ ಇದೆ. 1973ರಲ್ಲಿ ಇಂಗ್ಲೆಂಡ್ ವಿರುದ್ಧದ ಕಾನ್ಪುರ ಟೆಸ್ಟಿಗೆ ಸಲೀಂ ದುರಾನಿಯನ್ನು ಕೈಬಿಟ್ಟಾಗ ಜನ ಎತ್ತಿದ ಘೋಷಣೆ "ದುರಾನಿ ಇಲ್ಲದಿದ್ದರೆ ಟೆಸ್ಟೂ ಇಲ್ಲ" ಅಂತ. ಮುಂದಿನ ಮುಂಬೈ ಟೆಸ್ಟಿನಲ್ಲಿ ದುರಾನಿ ಇದ್ದರು. ಇನ್ನೂ ಹಿಂದಕ್ಕೆ ಹೋದರೆ 1882ರಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಇಂಗ್ಲೆಂಡ್ 7 ರನ್ನಿಗೆ ಸೋತಾಗ, ಲಂಡನ್ನಿನ ಒಂದು ವಾರಪತ್ರಿಕೆ ಇಂಗ್ಲಿಷ್ ಕ್ರಿಕೆಟ್ ಸತ್ತಿದೆ, ದಹನ ಮಾಡಿ ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯಲಾಗುವುದು ಅಂತ ಮರಣವಾರ್ತೆಯ ರೂಪದಲ್ಲಿ ಕೆಲವೇ ಸಾಲು ಹಾಕಿತು. ಬರೆದವರು ಪತ್ರಕರ್ತರೇ ಆದರೂ ಅದರಲ್ಲಿದ್ದದ್ದು ಸೋತ ಅಭಿಮಾನಿಯ ಸಿಟ್ಟು. ಆ ಎರಡು ದೇಶಗಳ ಟೆಸ್ಟ್ ಸರಣಿಗೆ ಆ್ಯಷಸ್, ಅಂದರೆ ಬೂದಿ, ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಅದೇ ಪಂದ್ಯದ ಉದ್ದುದ್ದ ವರದಿಗಳನ್ನು ಇವತ್ತು ಯಾರು ಓದುತ್ತಾರೆ?

ಇನ್ನು ನಿಮ್ಮ ಕಬಡ್ಡಿ ಪತ್ರ. ಅದನ್ನು ಬೇಕೆಂದೇ ತಡೆದಿಟ್ಟಿದ್ದೇನೆ. ಹೊನಲು ಬೆಳಕಿನ ಪಂದ್ಯಾಟ, ಸೆಮಿಫೈನಲ್, ನಿಮ್ಮ ಊರಿನ ತಂಡ ಒಂದು ಅಂಕದಿಂದ ಸೋತಿತು. "ರೆಫ್ರಿ ದುಡ್ಡು ತಿಂದಿದ್ದಾನೆ" ಅಂತ ಹೆಸರು ಹಾಕಿ ಬರೆದಿದ್ದೀರಿ. ದುಡ್ಡು ತಿಂದದ್ದನ್ನು ನೀವು ಕಂಡಿದ್ದೀರಾ? ಇಲ್ಲ. ಅಚ್ಚಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನನಷ್ಟ. ಕೇಸು ನಿಮ್ಮ ಮೇಲೂ ಬೀಳುತ್ತದೆ, ನನ್ನ ಮೇಲೂ ಬೀಳುತ್ತದೆ. ಓದುಗರ ಪತ್ರಕ್ಕೂ ಸಂಪಾದಕನೇ ಜವಾಬ್ದಾರ. ಕೇಸಿಗೆ ಮೊದಲೇ ಎರಡು ಕ್ಲಬ್ಬಿನವರು ಬೈಕಿನಲ್ಲಿ ಕಚೇರಿಗೆ ಬರುತ್ತಾರೆ, ಅದು ಬೇರೆ ಮಾತು.

ಆದರೆ ಅದೇ ಪತ್ರದಲ್ಲಿ ಒಂದು ಒಳ್ಳೆಯ ಸಂಗತಿ ಅಡಗಿದೆ. ನಿಮ್ಮ ರೈಡರ್ ಬೋನಸ್ ಗೆರೆ ದಾಟಿ ಒಂದು ಕಾಲು ಊರಿದಾಗ ಇನ್ನೊಂದು ಕಾಲು ಗಾಳಿಯಲ್ಲಿತ್ತು, ಎದುರು ಆರು ಜನ ಇದ್ದರು, ಆದರೂ ಅಂಕ ಕೊಡಲಿಲ್ಲ ಅಂದಿದ್ದೀರಿ. ಆ ಬದಿಯಲ್ಲಿ ಅಂಪೈರ್ ನಿಂತಿರಲಿಲ್ಲ, ಟ್ಯೂಬ್‌ಲೈಟ್ ಹೋಗಿ ಗೆರೆ ಕಾಣುತ್ತಿರಲಿಲ್ಲ ಅಂತಲೂ ಬರೆದಿದ್ದೀರಿ. ಇದು ನೀವು ಕಣ್ಣಾರೆ ಕಂಡದ್ದು. ಒಂದು ಪಂದ್ಯಕ್ಕೆ ರೆಫ್ರಿ ಒಬ್ಬರು, ಅಂಪೈರ್ ಇಬ್ಬರು ಬೇಕು. ಸಾವಿರಗಟ್ಟಲೆ ಬಹುಮಾನ ಇಡುವ ಸಂಘಟಕರು ಇಬ್ಬರು ಅಂಪೈರಿಗೆ ಯಾಕೆ ಖರ್ಚು ಮಾಡುವುದಿಲ್ಲ? ಇದನ್ನು ಕೇಳಿದರೆ ಯಾರೂ ಕೇಸು ಹಾಕಲಾರರು. ಉತ್ತರ ಕೊಡಬೇಕಾದವರು ಮಾತ್ರ ತಲೆ ಕೆರೆದುಕೊಳ್ಳುತ್ತಾರೆ.

ನಿಮ್ಮ ಹಾಗೆ ಸ್ವಂತ ಬರೆಯುವವರು ಕಮ್ಮಿ ಅನ್ನುವುದನ್ನೂ ಹೇಳಿಬಿಡುತ್ತೇನೆ. 2025ರ ಮೇ 12ರಂದು ಕೊಹ್ಲಿ ಟೆಸ್ಟ್ ಬಿಟ್ಟಾಗ ನಮಗೆ ಬಂದದ್ದೆಲ್ಲ ವಾಟ್ಸ್ಯಾಪಿನಲ್ಲಿ ಸುತ್ತಿದ ಒಂದೇ ಬರಹ, ಕೆಳಗೆ ಹೆಸರು ಮಾತ್ರ ಬೇರೆ ಬೇರೆ. ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ಸಂಭ್ರಮದ ಪತ್ರಗಳು ಮಳೆಯಂತೆ ಸುರಿದವು. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಪತ್ರಗಳನ್ನೆಲ್ಲ ಬದಿಗಿಟ್ಟೆವು. ಹಾಕಿದ್ದು ಒಂದೇ. ಬೆಂಗಳೂರಿನಲ್ಲಿ ಓದುವ ಮಗನ ಫೋನ್ ಸಿಗದೆ ಆ ಸಂಜೆಯಿಡೀ ಕೂತ ತಾಯಿಯೊಬ್ಬರು ಬರೆದದ್ದು. ಅವರಿಗೆ ಕ್ರಿಕೆಟ್ಟಿನ ಗಂಧಗಾಳಿ ಇಲ್ಲ. ಆ ಸಂಚಿಕೆಯಲ್ಲಿ ಎಲ್ಲರೂ ಓದಿದ್ದು ಅದನ್ನೇ.

ಕೊಹ್ಲಿ, ರೋಹಿತ್ ಬಗ್ಗೆ ಬರೆಯಲು ಇಡೀ ದೇಶ ಇದೆ. ಪೈವಳಿಕೆಯ ಕಂಬಳದ ಬಗ್ಗೆ ಯಾರು ಬರೆಯುತ್ತಾರೆ? 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರುಗದ್ದೆಯ ಹಾದಿ) 13.62 ಸೆಕೆಂಡಿನಲ್ಲಿ ಓಡಿದಾಗ ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಅಂದರು. ಉಸೇನ್ ಬೋಲ್ಟ್ ವಿಶ್ವದಾಖಲೆ 9.58. ಅಷ್ಟು ಸಾಕಾಯಿತು, ದೇಶವೆಲ್ಲ ಕುಣಿಯಿತು. ಕೋಣದ ಹಗ್ಗ ಹಿಡಿದು ಓಡುವುದಕ್ಕೂ ಟ್ರ್ಯಾಕಿನಲ್ಲಿ ಒಬ್ಬನೇ ಓಡುವುದಕ್ಕೂ ಏನು ವ್ಯತ್ಯಾಸ ಅಂತ ಮಂಜೊಟ್ಟಿಯ (ಕರೆಯಲ್ಲಿ ಓಟ ಮುಗಿಯುವ ಜಾಗ) ಹತ್ತಿರ ನಿಂತು ನೋಡಿದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಿದವರು ಕಮ್ಮಿ, ಬರೆದವರು ಇನ್ನೂ ಕಮ್ಮಿ. ಕೊನೆಗೆ ಬೋಲ್ಟ್ ವಿಶ್ವ ಚಾಂಪಿಯನ್, ತಾನು ಗದ್ದೆಯ ಕೆಸರಿನಲ್ಲಿ ಓಡುವವನು ಅಂತ ಗೌಡರೇ ಹೇಳಬೇಕಾಯಿತು. ಕ್ರೀಡಾ ಪ್ರಾಧಿಕಾರದವರು ಕರೆದ ಟ್ರಯಲ್ಸಿಗೂ ಅವರು ಹೋಗಲಿಲ್ಲ. ಆ ಗಲಾಟೆಯಲ್ಲಿ ಬಂದ ಅತ್ಯಂತ ತೂಕದ ಅಭಿಪ್ರಾಯ ಅದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸೆವೆನ್ಸ್ ಫುಟ್ಬಾಲ್, ಅಂಡರ್ ಆರ್ಮ್ ಕ್ರಿಕೆಟ್, ಹಗ್ಗಜಗ್ಗಾಟ, ಯಾವುದಾದರೂ ಸರಿ. ನೀವು ಅಲ್ಲಿದ್ದಿರಿ ಅನ್ನುವುದು ಮೊದಲ ಎರಡು ಸಾಲಿನಲ್ಲೇ ಗೊತ್ತಾಗಲಿ. 150 ಪದ ಸಾಕು. ಮೊಬೈಲಿನಲ್ಲೇ ಕನ್ನಡ ಟೈಪ್ ಮಾಡಿ ಆ ರಾತ್ರಿಯೇ ಕಳಿಸಿ. ಕೈಬರಹದ ಫೋಟೊ ಬೇಡ, ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ. ಕೆಳಗೆ ಪೂರ್ತಿ ಹೆಸರು, ಊರು, ಫೋನ್ ನಂಬರ್ ಇರಲಿ. ನಂಬರ್ ಅಚ್ಚಾಗುವುದಿಲ್ಲ, ಸ್ಕೋರು ಸರಿಯಾ ಅಂತ ಕೇಳಲಿಕ್ಕೆ ಬೇಕು. ಕತ್ತರಿಸುವ ಅಧಿಕಾರ ನಮಗಿದೆ, ಅರ್ಥ ಬದಲಾಯಿಸುವ ಅಧಿಕಾರ ಇಲ್ಲ. ಹಾಗೇನಾದರೂ ಆದರೆ ಆ ನಂಬರಿನಿಂದಲೇ ಫೋನ್ ಮಾಡಿ ಬೈಯಿರಿ.

ಕಬಡ್ಡಿ ಪತ್ರವನ್ನು ಇದರ ಜತೆ ವಾಪಸು ಕಳಿಸಿದ್ದೇನೆ. ರೆಫ್ರಿಯ ಹೆಸರು ತೆಗೆದು, ಆ ಗೆರೆ, ಆ ಟ್ಯೂಬ್‌ಲೈಟ್, ಇಲ್ಲದ ಅಂಪೈರ್, ಇಷ್ಟನ್ನೇ ಇಟ್ಟು ಬರೆಯಿರಿ. ಮುಂದಿನ ಸಂಚಿಕೆ ಅಚ್ಚಿಗೆ ಹೋಗುವುದು 20ಕ್ಕೆ. 18ರೊಳಗೆ ಬಂದರೆ ಸಾಕು.

– ಸಂ.