ಆನ್‌ಲೈನ್ ವ್ಯಾಪಾರದ ಗೈಡ್‌ಗಳನ್ನು ನಾನು ಯಾಕೆ ಓದಿ ನೋಡುತ್ತೇನೆ

ಸರ್, 'ನೀವು ಯಾರು, ಆನ್‌ಲೈನ್ ವ್ಯಾಪಾರ ಕಲಿಸುವ ಗೈಡ್‌ಗಳ ಬಗ್ಗೆ ಬರೆದರೆ ನಿಮಗೇನು ಲಾಭ?' ಅಂತ ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತೇನೆ. ಗೈಡ್ ಮಾರುವವರಿಂದ ದುಡ್ಡು ಮುಟ್ಟುವುದಿಲ್ಲ.

ಹಾವೇರಿಯ ನಮ್ಮ ಚಿಕ್ಕಮ್ಮ ಶೇಂಗಾ ಚಟ್ನಿ, ಬ್ಯಾಡಗಿ ಖಾರದ ಪುಡಿ ಮಾರಲು ಒಂದು ಗೈಡ್ ಕೊಂಡರು. ಫೋಟೊ, ಜಾಹೀರಾತು ಎಲ್ಲ ಇತ್ತು. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು ಅನ್ನೋ ಮಾತೇ ಇರಲಿಲ್ಲ! ಜಿಎಸ್‌ಟಿಯದ್ದೂ ಅಷ್ಟೇ. 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರೀ ಎನ್‌ರೋಲ್‌ಮೆಂಟ್ ನಂಬರ್ ಪಡೆದು ಫ್ಲಿಪ್‌ಕಾರ್ಟ್‌ನಂಥ ಕಡೆ ರಾಜ್ಯದೊಳಗೆ ಮಾರಬಹುದು. ಅದೇ ಖಾರದ ಪುಡಿ ಅಲ್ಲಿಂದ ಪುಣೆಗೆ ಹೋಗಬೇಕಾದರೆ ನೋಂದಣಿ ಬೇಕೇ ಬೇಕು. ದುಡಿದ ದುಡ್ಡು ಕೊಟ್ಟವರಿಗೆ ಇಷ್ಟಾದರೂ ಹೇಳಬೇಕು, ಅಲ್ವಾ?

ನೀವು ನೋಡಿರುವ ಗೈಡ್‌ನ ಪರಿವಿಡಿ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.