ಮಾತಾಡೋ ಆಟಿಕೆ ಕೊಡಿಸ್ಬೇಕಾ?

ಪ್ರಶ್ನೆ: ನಮ್ ಮಗಳಿಗಿ ಒಂದೂವರೆ ವರ್ಷ ಆಗ್ಯದ. ಸೂಪರ್ ಮಾರ್ಕೆಟ್‌ನಾಗ ಬಟನ್ ಒತ್ತಿದ್ರ ಎಬಿಸಿಡಿ, ಪ್ರಾಣಿ ಹೆಸ್ರು ಹೇಳೋ ಆಟಿಕೆ ನೋಡೀನ್ರಿ. ಇದ್ರಿಂದ ಮಾತು ಬೇಗ ಬರ್ತದಂತಾರ, ಖರೇನಾ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ಅದನ್ನ ನಂಬಿ ತೊಗೋಬ್ಯಾಡ್ರಿ ತಾಯಿ. ಅಮೆರಿಕಾದಾಗ 10ರಿಂದ 16 ತಿಂಗಳ ಕೂಸುಗಳ ಮ್ಯಾಲ ಮಾಡಿದ ಒಂದು ಸ್ಟಡಿ 2016ರಾಗ ಜಾಮಾ ಪೀಡಿಯಾಟ್ರಿಕ್ಸ್ ಅನ್ನೋ ಮಕ್ಕಳ ವೈದ್ಯಕೀಯ ಪತ್ರಿಕೆದಾಗ ಬಂದದ, ಅದ್ರಾಗ ಏನ್ ಕಂಡದಂದ್ರ ಲೈಟು ಸೌಂಡಿನ ಆಟಿಕೆ ಇದ್ದಾಗ ಅಪ್ಪ ಅವ್ವನೇ ಕಮ್ಮಿ ಮಾತಾಡ್ಯಾರ, ಕೂಸೂ ಕಮ್ಮಿ ದನಿ ಮಾಡ್ಯದ, ಚಿತ್ರದ ಪುಸ್ತಕ ಹಿಡ್ಕೊಂಡಾಗ ಮಾತು ಜಾಸ್ತಿ ಆಗ್ಯದ. ನೀವು ರೊಟ್ಟಿ ಬಡಿಯೋವಾಗ ಚೂರು ಹಿಟ್ಟು ಅದ್ರ ಕೈಗಿ ಕೊಟ್ಟು ಮೆತ್ತಗದ ನೋಡು ಅನ್ರಿ, ಅದು ತಿರುಗಿ ಏನಾರ ಅಂದ್ರ ಕೇಳಿ ಉತ್ತರ ಕೊಡ್ರಿ, ಇದು ಭಾಳ ದೊಡ್ಡದ್ರಿ.

ತೊಗೊಳ್ಳೋದೇ ಆದ್ರ ಐಎಸ್‌ಐ ಮಾರ್ಕ್ ನೋಡ್ರಿ, 2021ರ ಜನವರಿಯಿಂದ ಕಡ್ಡಾಯ ಅದ. ಬ್ಯಾಟರಿ ಮುಚ್ಚಳಕ್ಕ ಸ್ಕ್ರೂ ಇರ್ಲೇಬೇಕು. ಬಟನ್ ಸೆಲ್ (ಗುಂಡಿಯಂಥ ಸಣ್ಣ ದುಂಡನ ಬ್ಯಾಟರಿ) ನುಂಗಿದ್ರ 2 ತಾಸಿನಾಗೇ ಅನ್ನನಾಳ ಸುಡಬಹುದು, ಬರೀ ಅನುಮಾನ ಬಂದ್ರೂ ವಾಂತಿ ಮಾಡಿಸ್ಲಾರ್ದೆ ಸೀದಾ ದವಾಖಾನಿಗಿ ಓಡ್ರಿ, ಎಕ್ಸ್‌ರೇ ತೆಗಿಸ್ರಿ.