ಕೋಬಿ ಬ್ರಯಂಟ್ ಬಗೆಗಿನ ನಿಮ್ಮ ಲೇಖನ: ಸಂಪಾದಕರ ಉತ್ತರ

ಪ್ರಿಯ ಗೆಳೆಯರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಪುಣ್ಯತಿಥಿಗೆಂದು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಎರಡು ಸಾಲು ಬರೆದು ಹಿಂದಿರುಗಿಸಿಬಿಡುವಂಥ ಬರಹವೂ ಅದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೆಳಗಿನ ಜಾವ ಎದ್ದು ಹಾಸ್ಟೆಲಿನ ಟೀವಿಯಲ್ಲಿ ಕೋಬಿಯ ತಂಡ ಲೇಕರ್ಸ್‌ನ ಪಂದ್ಯ ನೋಡಿ, ಕ್ಲಾಸು ಶುರುವಾಗುವವರೆಗೂ ಸಿಮೆಂಟಿನ ಕೋರ್ಟಿನಲ್ಲಿ ಹಿಂದಕ್ಕೆ ಜಿಗಿಯುತ್ತ ಚೆಂಡೆಸೆಯುವ ಅವನ ಫೇಡ್‌ಅವೇ ಶಾಟನ್ನು ಕಲಿಯಲು ಹೆಣಗುತ್ತಿದ್ದಿರಲ್ಲ, ಆ ಭಾಗ ಬಹಳ ಚೆನ್ನಾಗಿದೆ. ಅದನ್ನು ನೀವು ಮಾತ್ರ ಬರೆಯಬಲ್ಲಿರಿ. ಟೊರಾಂಟೊ ವಿರುದ್ಧದ 81 ಅಂಕ, ಐದು ಚಾಂಪಿಯನ್‌ಷಿಪ್, ಕೊನೆಯ ಪಂದ್ಯದ 60 ಅಂಕ ಯಾರು ಬೇಕಾದರೂ ಬರೆಯುತ್ತಾರೆ. ಆ ಪುಟವನ್ನು ಅರ್ಧಕ್ಕೆ ಇಳಿಸಿ.

ಈಗ ನನ್ನನ್ನು ತಡೆದ ಸಾಲು: '2003ರಲ್ಲಿ ಒಂದು ವಿವಾದ ಅವನನ್ನು ಸುತ್ತಿಕೊಂಡಿತು, ನ್ಯಾಯಾಲಯದಲ್ಲಿ ನಿರ್ದೋಷಿಯೆಂದು ಸಾಬೀತಾಗಿ ಇನ್ನಷ್ಟು ಗಟ್ಟಿಯಾಗಿ ಹೊರಬಂದ.' ಹಾಗೆ ಸಾಬೀತಾಗಲಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆಗೆಂದು ಕೊಲರಾಡೊಗೆ ಹೋಗಿದ್ದ ಕೋಬಿ ತನ್ನ ಮೇಲೆ ಅತ್ಯಾಚಾರ ಮಾಡಿದ ಎಂದು ಅವನು ತಂಗಿದ್ದ ಹೋಟೆಲಿನ 19 ವರ್ಷದ ಉದ್ಯೋಗಿ ದೂರು ಕೊಟ್ಟಳು. ಪೊಲೀಸರು ಬಂಧಿಸಿದರು, ಮೊಕದ್ದಮೆ ಹೂಡಲಾಯಿತು. ಮುಂದಿನ ಒಂದು ವರ್ಷ ಆಕೆಗೆ ಕೊಲೆ ಬೆದರಿಕೆಗಳು ಬಂದವು. ಗುಟ್ಟಾಗಿರಬೇಕಿದ್ದ ಹೆಸರು ಹೊರಬಿತ್ತು, ಖಾಸಗಿ ಬದುಕು ಪತ್ರಿಕೆಗಳ ಪಾಲಾಯಿತು. 2004ರ ಸೆಪ್ಟೆಂಬರ್ 1ರಂದು, ಆಕೆ ಸಾಕ್ಷಿ ಹೇಳಲು ಒಪ್ಪದ ಕಾರಣ, ಪ್ರಕರಣ ಕೈಬಿಡಲಾಯಿತು. ವಿಚಾರಣೆಯೂ ನಡೆಯಲಿಲ್ಲ, ತೀರ್ಪೂ ಬರಲಿಲ್ಲ. ಕೋಬಿ ಅಂದೇ ಕ್ಷಮೆ ಕೇಳಿ ಹೇಳಿಕೆ ಕೊಟ್ಟ: ತಾನು ಅದನ್ನು ಪರಸ್ಪರ ಒಪ್ಪಿಗೆಯಿಂದ ಆದದ್ದೆಂದು ನಂಬಿದ್ದರೂ ಆಕೆ ಹಾಗೆ ನೋಡಲಿಲ್ಲ, ಈಗಲೂ ನೋಡುವುದಿಲ್ಲ ಎಂದು ತನಗೀಗ ಅರ್ಥವಾಗಿದೆ ಎಂದ. ಆಕೆ ಹೂಡಿದ್ದ ಸಿವಿಲ್ ದಾವೆ 2005ರಲ್ಲಿ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು, ಷರತ್ತುಗಳು ಹೊರಬರಲಿಲ್ಲ.

ಇದೆಲ್ಲ ನಿಮ್ಮ ಲೇಖನದಲ್ಲಿ 'ವಿವಾದ'ವಾಗಿ ಮುಗಿದುಹೋಗಿದೆ. ಆ ಹುಡುಗಿ ಎಲ್ಲೂ ಇಲ್ಲ.

ಆದರೆ ಒಂದು ಪ್ಯಾರಾ ಕೂಡಿಸಿ ಲೆಕ್ಕ ಸರಿಮಾಡಿ ಎಂದು ನಾನು ಹೇಳುತ್ತಿಲ್ಲ. ನೀವು ಮೈಮರೆತು ಬಣ್ಣಿಸಿದ ಕಡೆಗಳಲ್ಲೇ ಈ ಕತೆ ಹುದುಗಿದೆ. 2003ರ ಡಿಸೆಂಬರ್ 19ರಂದು ಡೆನ್ವರ್ ತಂಡದ ವಿರುದ್ಧ ನಡೆದ ಪಂದ್ಯ ನೋಡಿ. ಕೊನೇ ಗಳಿಗೆಯಲ್ಲಿ ಚೆಂಡು ಬುಟ್ಟಿಗೆ ಬಿದ್ದ ಆ ಕ್ಷಣ ನಿಮ್ಮ ಬರಹದಲ್ಲಿ ಮಿಂಚುತ್ತದೆ. ಅಂದು ಹಗಲು ಅವನು ಕೊಲರಾಡೊದ ನ್ಯಾಯಾಲಯದಲ್ಲಿದ್ದ. ಅಲ್ಲಿಂದ ವಿಮಾನದಲ್ಲಿ ಲಾಸ್ ಏಂಜಲೀಸ್‌ಗೆ ಬಂದು ಆಡಿದ. ಗೆಲುವಿನ ಶಾಟ್ ಹೊಡೆದಾಗ ಕ್ರೀಡಾಂಗಣವೆಲ್ಲ ಎದ್ದು ನಿಂತಿತು. ಹಗಲಿನದೂ ರಾತ್ರಿಯದೂ ಒಂದೇ ವಾಕ್ಯವೃಂದದಲ್ಲಿ ಬರಲಿ. ಅವನು ತನಗೆ ತಾನೇ ಇಟ್ಟುಕೊಂಡ 'ಮಾಂಬಾ' ಎಂಬ ಅಡ್ಡಹೆಸರಿನ ಬಗ್ಗೆಯೂ ಅಷ್ಟೆ. ಛಲಕ್ಕೆ ಇನ್ನೊಂದು ಹೆಸರೆಂದು ಅದನ್ನು ಪುಟದುದ್ದಕ್ಕೂ ಹಾಡಿದ್ದೀರಿ. ಆ ಮೊಕದ್ದಮೆಯ ದಿನಗಳ ಕೋಬಿಯಿಂದ ತನ್ನ ಆಟವನ್ನು ಬೇರ್ಪಡಿಸಿಕೊಳ್ಳಲು ಆ ಹೆಸರು ತೊಟ್ಟೆ ಎಂದು ಅವನೇ ಹೇಳಿಕೊಂಡಿದ್ದಾನೆ. ನೀವು ಎದೆಯ ಮೇಲೆ ಬರೆದುಕೊಂಡು ಓಡಾಡಿದ ಹೆಸರಿನ ಹುಟ್ಟು ಅಲ್ಲಿದೆ. ಇದು ತಿಳಿದ ದಿನ ನಿಮಗೇನಾಯಿತು? ಅದನ್ನು ಬರೆಯಿರಿ. ಇಂದೇ ತಿಳಿದಿದ್ದರೆ ಇಂದಿನದನ್ನೇ ಬರೆಯಿರಿ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂದು ಅಜ್ಜಿ ಕಲಿಸಿದ್ದಾರೆ ಎಂದು ಜೊತೆಯ ಪತ್ರದಲ್ಲಿ ಹೇಳಿದ್ದೀರಿ. ಸಾವಿನ ಮನೆಗೆ ಹೋದಾಗ ಆ ಮಾತನ್ನು ನಾನೂ ಪಾಲಿಸುತ್ತೇನೆ. ಗಂಡನನ್ನೂ ಮಗಳನ್ನೂ ಒಂದೇ ದಿನ ಕಳೆದುಕೊಂಡ ವನೆಸ್ಸಾ ಮುಂದೆ ಕೂತು ಯಾರೂ ಇದನ್ನು ಎತ್ತಬಾರದು. ಪತ್ರಿಕೆ ಸಾವಿನ ಮನೆಯಲ್ಲ. ಇಲ್ಲಿ ಓದುವವರಲ್ಲಿ ದೂರು ಕೊಟ್ಟು, ಊರವರ ಬಾಯಿಗೆ ಹೆದರಿ ಹಿಂತೆಗೆದುಕೊಂಡ ಹೆಣ್ಣುಮಕ್ಕಳೂ ಇರುತ್ತಾರೆ. ನಿಮ್ಮ 'ಗಟ್ಟಿಯಾಗಿ ಹೊರಬಂದ' ಅವರಿಗೆ ಹೇಗೆ ಕೇಳಿಸುತ್ತದೆಂದು ಯೋಚಿಸಿದಿರಾ? ಕೋಬಿ ತೀರಿಕೊಂಡ ದಿನವೇ ಈ ಪ್ರಕರಣದ ಹಳೆಯ ವರದಿಯೊಂದನ್ನು ಟ್ವಿಟರ್‌ನಲ್ಲಿ ಹಂಚಿಕೊಂಡ ವಾಷಿಂಗ್ಟನ್ ಪೋಸ್ಟ್‌ನ ವರದಿಗಾರ್ತಿಗೂ ಕೊಲೆ ಬೆದರಿಕೆಗಳು ಬಂದವು. ಪತ್ರಿಕೆ ಅವರನ್ನೇ ರಜೆಯ ಮೇಲೆ ಕಳಿಸಿತು. ಸಹೋದ್ಯೋಗಿಗಳು ಪ್ರತಿಭಟಿಸಿದ ಮೇಲೆ ವಾಪಸು ಕರೆಸಿಕೊಂಡಿತು. ಶೋಕದ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು ಅಷ್ಟು ಸುಲಭ.

ಹಾಗೆಂದು ಇನ್ನೊಂದು ದಡಕ್ಕೆ ಹಾರಬೇಡಿ. ನ್ಯಾಯಾಲಯ ಕೊಡದ ತೀರ್ಪನ್ನು ನೀವು ಕೊಡಬೇಡಿ. ಆಕೆಯ ಹೆಸರು ಹುಡುಕಬೇಡಿ, ಸಿಕ್ಕರೂ ಬರೆಯಬೇಡಿ. ನಿಮ್ಮ ಅಳುವನ್ನು ಅಳಿಸಬೇಡಿ. 2020ರ ಜನವರಿ 26ರ ಸಾವಿನ ಸುದ್ದಿ ಕೇಳಿ ನೀವು ಅತ್ತದ್ದು ನಿಜವಾದರೆ ಅದು ಅಲ್ಲೇ ಇರಲಿ. 13 ವರ್ಷದ ಜಿಯಾನಾಳನ್ನು ಪಂದ್ಯಕ್ಕೆ ಕರೆದೊಯ್ಯುತ್ತಿದ್ದ ಅಪ್ಪನೂ ಅವನೇ. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್‌ಗೆ ಅವನಷ್ಟು ಬೆನ್ನಾಗಿ ನಿಂತ ಗಂಡು ಆಟಗಾರರು ಕಡಿಮೆ. ಇದು ಅದನ್ನು ತೊಳೆಯುವುದಿಲ್ಲ, ಅದು ಇದನ್ನು ಸುಳ್ಳು ಮಾಡುವುದಿಲ್ಲ.

ಇನ್ನೊಂದು. ಅಂದು ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್ ಬೆಟ್ಟಕ್ಕೆ ಬಡಿದ ಹೆಲಿಕಾಪ್ಟರಿನಲ್ಲಿ ಒಂಬತ್ತು ಮಂದಿ ಸತ್ತರು. ನಿಮ್ಮ ಲೇಖನದಲ್ಲಿ ಇಬ್ಬರು ಮಾತ್ರ. ಜಿಯಾನಾಳ ತಂಡದ ಇನ್ನಿಬ್ಬರು ಹುಡುಗಿಯರೂ ಅದರಲ್ಲಿದ್ದರು.

ಕೊನೆಯ ಪ್ಯಾರಾ, ಮಹಾನುಭಾವರಲ್ಲೂ ದೋಷಗಳಿರುತ್ತವೆ ಎಂಬುದು, ಪೂರ್ತಿ ಹೋಗಲಿ. ಹಾಸ್ಟೆಲಿನ ಕೋರ್ಟಿನಿಂದ ಶುರುಮಾಡಿ, ಡೆನ್ವರ್ ಪಂದ್ಯವನ್ನು ನಡುವೆ ಇಟ್ಟು, ಸಾವಿರ ಪದ ದಾಟದಂತೆ ಇನ್ನೊಮ್ಮೆ ಬರೆಯಿರಿ. ತಿದ್ದಿದ್ದನ್ನು ನೇರ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.